ನಿಂತಿದ್ದೀಯಲ್ಲೋ

ಚಪಾತಿ ಲಟ್ಟಿಸುತ್ತಿದ್ದ ಮಾರಮ್ಮನಿಗೆ ತನ್ನದೇ ದನಿ ಊಟದ ಕೋಣೆಯಿಂದ ಕೇಳಿಸಿತು. ಮೊದಲು ಜೆಸಿಬಿಯ ಗರಗರ, ಅದರೊಳಗೆ ಎಲ್ಲೋ ಒಂದು ಮಗು ಅಳುವುದು, ಆಮೇಲೆ ಅವಳು: "ಕೈ ಕಟ್ಕೊಂಡ್ ನಿಂತಿದ್ದೀಯಲ್ಲೋ." ಬೆನ್ನಿಗೇ ಡ್ರಮ್ಮು, ಗಿಟಾರು, ಮಗಳು ತೇಜಸ್ವಿನಿ ಕಿರುಚಿ ಹಾಡುವುದು. ಬಿಟಿಎಂ ಲೇಔಟಿನ ಆ ಪೀಜಿಯ ಹುಡುಗರು ಊಟ ಮಾಡುತ್ತ ಫೋನಿನಲ್ಲಿ ಏನೇನೋ ಹಾಕಿಕೊಳ್ಳುವುದು ಹೊಸದೇನಲ್ಲ. ಆದರೆ ಇವತ್ತು ಒಬ್ಬ, ಸದ್ದು ದೊಡ್ಡದಾಗಲೆಂದು, ಫೋನನ್ನು ಸ್ಟೀಲ್ ಲೋಟದೊಳಗೆ ನಿಲ್ಲಿಸಿದ್ದ. ಅವಳ ಮಾತು ಲೋಟದ ಗೋಡೆಗೆ ಬಡಿದು ಇನ್ನಷ್ಟು ಕರ್ಕಶವಾಗಿ ಹೊರಗೆ ಬರುತ್ತಿತ್ತು. ಲಟ್ಟಣಿಗೆ ನಿಂತಿತು. ಹೆಂಚಿನ ಮೇಲಿದ್ದದ್ದು ಸೀದು ಹೊಗೆಯಾಡುವವರೆಗೂ ಅದು ಅವಳ ಗಮನಕ್ಕೆ ಬರಲಿಲ್ಲ.

ಆ ಹುಡುಗ ತಟ್ಟೆ ಹಿಡಿದು ಬಂದ. "ಆಂಟಿ, ಪಲ್ಯ ಒಂಚೂರು," ಎಂದವನು ತಾಳಕ್ಕೆ ತಲೆಯಾಡಿಸುತ್ತಲೇ ಹಿಂದಿದ್ದ ಗೆಳೆಯನ ಕಡೆ ತಿರುಗಿ, "ಆ ಹೆಂಗ್ಸಿನ ವಾಯ್ಸ್ ಕೇಳು ಮಗಾ. ಆಫೀಸರ್ ಮುಖಕ್ಕೇ ಹೇಳಿರೋದು. ಸಖತ್," ಎಂದ.

ಮಾರಮ್ಮ ಪಲ್ಯ ಬಡಿಸಿದಳು. ಅವನ ಕಣ್ಣು ಅವಳ ಕೈಯಲ್ಲಿದ್ದ ಸೌಟನ್ನು ನೋಡಿತೇ ಹೊರತು ಮುಖವನ್ನು ನೋಡಲಿಲ್ಲ. ನೋಡಿದ್ದರೂ ಗೊತ್ತಾಗುತ್ತಿರಲಿಲ್ಲ. ಎಲ್ಲರ ಫೋನಿಗೂ ಹರಡಿದ್ದ ಆ ದಿನದ ವಿಡಿಯೋದಲ್ಲಿ ಅವಳ ತಲೆ ಕೆದರಿತ್ತು, ಬಾಯಿ ಅಗಲವಾಗಿ ತೆರೆದಿತ್ತು, ಕುತ್ತಿಗೆಯ ನರ ಉಬ್ಬಿತ್ತು. ಅಂಥ ಹೆಂಗಸು ತಲೆಗೆ ಟವೆಲು ಕಟ್ಟಿಕೊಂಡು ಹುರುಳಿಕಾಯಿ ಪಲ್ಯ ಬಡಿಸುವವಳಾಗಿರುತ್ತಾಳೆಂದು ಯಾರು ಅಂದುಕೊಳ್ಳುತ್ತಾರೆ? ಅವಳಿಗೇ ಒಮ್ಮೊಮ್ಮೆ ಆ ಹೆಂಗಸು ಬೇರೆ ಯಾರೋ ಅನ್ನಿಸುತ್ತಿತ್ತು. ಅವಳು ಎಲ್ಲಿಯೋ ಇದ್ದಾಳೆ, ಯಾವತ್ತೋ ಒಂದು ದಿನ ಬಂದು ತನ್ನ ಮಾತನ್ನು ವಾಪಸು ಕೇಳುತ್ತಾಳೆ ಎಂಬಂತೆ.

ಸಂಜೆ ಜೆಪಿ ನಗರದಲ್ಲಿ ಮಗಳ ಪಂಕ್ ಬ್ಯಾಂಡಿನ ಕಾರ್ಯಕ್ರಮವಿತ್ತು. ಅಪ್ಪ ಅಮ್ಮ ಇಬ್ಬರೂ ಬರಲೇಬೇಕೆಂದು ತೇಜು ವಾರದಿಂದ ಹಟ ಹಿಡಿದಿದ್ದಳು. ಇದಕ್ಕೆ ಮುಂಚೆ ಮಾರಮ್ಮ ಒಂದನ್ನೂ ನೋಡಿರಲಿಲ್ಲ. ಪಂಕ್ ಅಂದರೇನೆಂದು ಕೇಳಿದ್ದಕ್ಕೆ ಮಗಳು, "ಹಾಡೋಕೆ ಬರ್ದೇ ಇದ್ರೂ ಹಾಡೋದು ಕಣಮ್ಮ. ಕೋಪ ಇದ್ರೆ ಸಾಕು," ಎಂದು ನಕ್ಕಿದ್ದಳು. ಗಂಡ ಬೈಲಪ್ಪ ಮಾತ್ರ ಬರುತ್ತೇನೆಂದೂ ಹೇಳಲಿಲ್ಲ, ಬರುವುದಿಲ್ಲವೆಂದೂ ಹೇಳಲಿಲ್ಲ. "ನೋಡಣ," ಎಂದ. ಮನೆಯನ್ನು ಜೆಸಿಬಿ ಕೆಡವಿದ ಮೇಲೆ ಎಲ್ಲದಕ್ಕೂ ಅವನದು ಅದೇ ಮಾತು. ಮೂರು ಗಂಟೆಗೆ ಪಾತ್ರೆ ತೊಳೆದಿಟ್ಟು, ಬಚ್ಚಲಲ್ಲಿ ಮುಖ ತೊಳೆದು ಸೀರೆ ಬದಲಾಯಿಸಿಕೊಳ್ಳುವಾಗ ಮಾರಮ್ಮ ತನ್ನಷ್ಟಕ್ಕೇ ಬೇಡಿಕೊಂಡಳು, ಅವನಿಗೆ ಡ್ಯೂಟಿ ಬೀಳಲಿ, ಬದಲಿ ಆಳು ಸಿಗದಿರಲಿ. ಬೇಡಿಕೊಂಡದ್ದು ಯಾರನ್ನೆಂದು ಅವಳಿಗೆ ತಿಳಿಯಲಿಲ್ಲ. ಮನೆಯಲ್ಲಿದ್ದದ್ದು ಬುದ್ಧನ ಫೋಟೊ ಮತ್ತು ಬಾಬಾಸಾಹೇಬರ ಫೋಟೊ. ಇಂಥದ್ದನ್ನು ಅವರಿಬ್ಬರ ಹತ್ತಿರವೂ ಕೇಳಲು ಬಾರದು.

ಬಸ್ಸಿನಲ್ಲಿ ಸೀಟು ಸಿಕ್ಕಿತು. ಕಿಟಕಿಯಾಚೆ ಸಿಗ್ನಲ್ಲಿನಲ್ಲಿ ಒಂದು ಜೆಸಿಬಿ ತನ್ನ ಹಳದಿ ಕೈ ಮಡಚಿಕೊಂಡು ಕಾರುಗಳ ನಡುವೆ ಸುಮ್ಮನೆ ನಿಂತಿತ್ತು. ಅವತ್ತೂ ಅದು ಮೊದಲು ಹೀಗೇ ನಿಂತಿತ್ತು, ಏನೂ ಮಾಡದ ಪ್ರಾಣಿಯ ಹಾಗೆ. ಹುಳಿಮಾವಿನ ಕಡೆ ರಾಜಕಾಲುವೆಯ ದಂಡೆಗೆ ಅವರ ಸಾಲುಮನೆಗಳು; ಕಾಲುವೆಯಾಚೆ ಅಪಾರ್ಟ್‌ಮೆಂಟು; ಅದರ ಗೇಟಿನಲ್ಲಿ ಬೈಲಪ್ಪ ವಾಚ್‌ಮನ್. ಮಳೆಗೆ ಅಪಾರ್ಟ್‌ಮೆಂಟಿನ ನೆಲಮಾಳಿಗೆ ತುಂಬಿ ಕಾರುಗಳು ತೇಲಿದವು. ಆಮೇಲೆ ನಕ್ಷೆ ಹಿಡಿದು ಬಂದವರಿಗೆ ಕಾಲುವೆಗೆ ಅಡ್ಡ ಇರುವುದು ಈ ಸಾಲುಮನೆಗಳು ಎಂದು ಕಂಡಿತು. ತಾನು ಆ ಸಾಲಿನವನೇ ಎಂದು ಬೈಲಪ್ಪ ಅಪಾರ್ಟ್‌ಮೆಂಟಿನಲ್ಲಿ ಯಾರಿಗೂ ಹೇಳಿರಲಿಲ್ಲ. ಕೇಳಿದವರಿಗೆ "ಇಲ್ಲೇ ಹುಳಿಮಾವು ಸಾರ್" ಎನ್ನುತ್ತಿದ್ದ. ಅವತ್ತು ಬೆಳಿಗ್ಗೆ ಅಲ್ಲಿಯ ಸೆಕ್ರೆಟರಿ, "ಬೈಲಪ್ಪ, ನೀನೂ ಬಾ, ಈ ಕಡೆಯೋರೆಲ್ಲ ನಿಂಗೆ ಗೊತ್ತಲ್ಲ," ಎಂದು ಜೊತೆಗೆ ಕರೆದುಕೊಂಡು ಬಂದಿದ್ದರು. ಮಾರಮ್ಮ ಒಳಗಿನಿಂದ ಅಕ್ಕಿ ಡಬ್ಬ ಎತ್ತಿಕೊಂಡು ಹೊರಗೆ ಓಡಿ ಬಂದಾಗ ಅವಳಿಗೆ ಕಂಡದ್ದು ಬಿಳಿ ಅಂಗಿಯ ಅಧಿಕಾರಿ, ಅವನ ಪಕ್ಕದಲ್ಲಿ ಕೊಡೆ ಹಿಡಿದ ಸೆಕ್ರೆಟರಿ, ಅವರಿಬ್ಬರ ಹಿಂದೆ ನೀಲಿ ಯೂನಿಫಾರ್ಮಿನಲ್ಲಿ ತನ್ನ ಗಂಡ. ಅಧಿಕಾರಿ ಅವರ ಮನೆಯ ಕಡೆ ಕೈ ತೋರಿಸಿ ಯಾರದ್ದೆಂದು ಕೇಳಿದ. ಬೈಲಪ್ಪ ಎದೆಯ ಮೇಲೆ ಕೈ ಕಟ್ಟಿಕೊಂಡು ನೆಲ ನೋಡುತ್ತಿದ್ದ. ಅವನು ಹೇಳಲಿಲ್ಲ.

ಆಗ ಆಡಿದ ಮಾತು ಅದು. ಗಂಡನಿಗೆ ಆಡಿದ ಮಾತು. ಮದುವೆಯಾದಂದಿನಿಂದ ಅವಳು ಅವನಿಗೆ ನೀವು ಎಂದೇ ಅಂದವಳು, 'ತೇಜು ಅಪ್ಪ' ಎಂದೇ ಕರೆದವಳು. ಅವಳ ಬಾಯಿಂದ ಅವನ ಮೇಲೆ ಒಂದು 'ಲೋ' ಬಿದ್ದೀತೆಂದು ಆ ಓಣಿಯಲ್ಲಿ ಯಾರೂ ಎಣಿಸುವಂತಿರಲಿಲ್ಲ. ಪಕ್ಕದ ಮನೆ ಹುಡುಗಿ ತೆಗೆದ ವಿಡಿಯೋದಲ್ಲಿ ಒಂದು ಬದಿಗೆ ಅವಳಿದ್ದಳು, ಇನ್ನೊಂದು ಬದಿಗೆ ಬಿಳಿ ಅಂಗಿಯ ಅರ್ಧ ಬೆನ್ನಿತ್ತು. ಬೈಲಪ್ಪ ಇದ್ದದ್ದು ಚಿತ್ರದಿಂದ ಒಂದು ಮಾರು ಆಚೆ. ನೋಡಿದವರೆಲ್ಲ ಮಾತನ್ನು ಬಿಳಿ ಅಂಗಿಗೆ ಕೊಟ್ಟರು. ಸಂಜೆ ಟೀವಿಯವನು ಮೈಕು ಹಿಡಿದು, ಅಧಿಕಾರಿಗೆ ಹೆದರದೆ ಹಾಗೆ ಹೇಳಿದಿರಲ್ಲ ಅಕ್ಕ, ಧೈರ್ಯ ಎಲ್ಲಿಂದ ಬಂತು ಎಂದು ಕೇಳಿದಾಗ ಅವಳು ಅಕ್ಕಿ ಡಬ್ಬದ ಮುಚ್ಚಳ ಬಿಗಿ ಮಾಡುತ್ತಿದ್ದಳು. ಹಾಸಿಗೆಯ ಗಂಟಿನ ಮೇಲೆ ಕೂತಿದ್ದ ಬೈಲಪ್ಪನೇ ತಲೆಯೆತ್ತದೆ ಉತ್ತರ ಕೊಟ್ಟ: "ಅವಳು ಮೊದಲಿಂದ್ಲೂ ಹಂಗೇ ಸಾರ್." ಕಾಲೇಜಿನಿಂದ ಓಡಿ ಬಂದ ಮಗಳಿಗೆ, "ನಾನು ಗೇಟಲ್ಲಿದ್ದೆ ಕಣಮ್ಮ, ಗೊತ್ತಾಗ್ಲಿಲ್ಲ," ಎಂದ. ಹೀಗೆ ಸುಳ್ಳಿಗೆ ಮೊದಲ ಕಲ್ಲು ಇಟ್ಟವನು ಅವನೇ. ಮಾರಮ್ಮ ಅದರೊಳಗೆ ವಾಸಕ್ಕೆ ಹೋದಳು, ಅಷ್ಟೇ. ಆಮೇಲೆ ಸೇರಿದ ಉತ್ತರಹಳ್ಳಿಯ ಬಾಡಿಗೆ ಮನೆಗಿಂತ ಅದೇ ಅವರಿಬ್ಬರಿಗೂ ಹೆಚ್ಚು ಅಭ್ಯಾಸವಾಯಿತು.

ಅವನು ಕೆಲಸವನ್ನೂ ಬಿಡಲಿಲ್ಲ. ಉತ್ತರಹಳ್ಳಿಯಿಂದ ಎರಡು ಬಸ್ಸು ಬದಲಾಯಿಸಿ ಅದೇ ಗೇಟಿಗೆ ಹೋಗುತ್ತಾನೆ. ಕಾರು ಬಂದರೆ ಗೇಟು ತೆಗೆಯುತ್ತಾನೆ, ಕಾರು ಹೋದರೆ ಮುಚ್ಚುತ್ತಾನೆ, ಮಧ್ಯೆ ಕಾಲುವೆಯಾಚೆಯ ಬಯಲನ್ನು ನೋಡುತ್ತ ಕೂರುತ್ತಾನೆ. ಬಿಡಪ್ಪ ಆ ಕೆಲಸ ಎಂದು ತೇಜು ಎಷ್ಟೋ ಸಲ ಜಗಳ ತೆಗೆದಳು. "ಕೆಲ್ಸ ನಂಗೇನ್ ಮಾಡೈತೆ," ಎಂದ. ತೇಜು ಚಿಕ್ಕವಳಿದ್ದಾಗ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಾಬಾಸಾಹೇಬರ ಫೋಟೊ ತೋರಿಸಿ, "ಆ ಕೈ ನೋಡು, ಕಟ್ಟಿಲ್ಲ ನೋಡು. ನಮ್ಮಪ್ಪ ಗೌಡ್ರ ಜಗಲಿ ಮುಂದೆ ಕೈ ಕಟ್ಕೊಂಡೇ ಸತ್ತ. ನೀನು ಕಟ್ಬೇಡ," ಎನ್ನುತ್ತಿದ್ದವನು ಅವನೇ. ಅದನ್ನು ಮಾರಮ್ಮ ಒಲೆಯ ಮುಂದೆ ಕೂತು ಕೇಳಿಸಿಕೊಂಡಿದ್ದಳು. ಅವತ್ತು ನೂರು ಬೈಗುಳಗಳಿದ್ದವು, ಹೇಡಿ ಎನ್ನಬಹುದಿತ್ತು, ಷಂಡ ಎನ್ನಬಹುದಿತ್ತು. ಎಲ್ಲ ಬಿಟ್ಟು ಅವಳ ನಾಲಿಗೆ ಹುಡುಕಿ ತೆಗೆದದ್ದು ಆ ಕೈಗಳನ್ನೇ. ಎಲ್ಲಿ ಚುಚ್ಚಿದರೆ ಒಳಗಿಳಿಯುತ್ತದೆಂದು ಒಟ್ಟಿಗೆ ಬಾಳಿದವರಿಗೆ ಮಾತ್ರ ಗೊತ್ತಿರುತ್ತದೆ. ಅವಳಿಗೆ ಗೊತ್ತಿತ್ತು.

ಹಾಡು ಕಟ್ಟಿದ್ದು ಮನೆಯಲ್ಲೇ, ಒಂದು ಭಾನುವಾರ. ಬೈಲಪ್ಪ ಮುದ್ದೆ ಮುರಿಯುತ್ತಿದ್ದ. ತೇಜು ಫೋನಿನಲ್ಲಿ ಆ ತುಣುಕನ್ನು ಹಿಂದಕ್ಕೂ ಮುಂದಕ್ಕೂ ಎಳೆಯುತ್ತ, "ಅಮ್ಮ, ಆ ಕೊನೇ 'ಲ್ಲೋ' ಹೆಂಗ್ ಎಳ್ದಿದ್ದೆ? ಇನ್ನೊಂದ್ಸಲ ಹೇಳು, ತಾಳ ಸಿಗ್ತಿಲ್ಲ," ಎಂದಳು. ಮಾರಮ್ಮ ಆಗಲ್ಲವೆಂದಳು. ಮರೆತುಹೋಗಿದೆ ಎಂದಳು. ಸಾರು ಬಡಿಸುವ ನೆಪದಲ್ಲಿ ಒಳಗೆ ಹೋದಳು. ಮಗಳು ಬೆನ್ನು ಬಿಡಲಿಲ್ಲ. ಕೊನೆಗೆ ಗೋಡೆಯ ಕಡೆ ಮುಖ ಮಾಡಿ ಮೆಲ್ಲಗೆ, ಪಾಠ ಒಪ್ಪಿಸುವ ಮಗುವಿನಂತೆ, ಅಂದಳು. "ಹಂಗಲ್ಲ, ಜೋರಾಗಿ," ಎಂದಳು ತೇಜು. ಇನ್ನೊಮ್ಮೆ ಅಂದಳು. ಆಗ ಹಿಂದಿನಿಂದ ಬೈಲಪ್ಪ, "ಎಳ್ದಿರ್ಲಿಲ್ಲ. ಕಡ್ದಿದ್ಲು," ಎಂದ. ತಾಯಿ ಮಗಳು ಇಬ್ಬರೂ ತಿರುಗಿದರು. ಅವನು ತಟ್ಟೆಯಲ್ಲಿದ್ದುದನ್ನೆಲ್ಲ ಉಂಡು, ತಟ್ಟೆ ತೊಳೆದು, ಬೋರಲು ಹಾಕಿ ಹೊರಗೆ ಹೋದ. ನೀನು ಎಲ್ಲಿ ಕೇಳಿದೆ ಎಂದು ಮಗಳು ಕೇಳಲಿಲ್ಲ. ವಿಡಿಯೋ ಎಲ್ಲರೂ ನೋಡಿದ್ದರು. ಕಡಿದು ಹಾಡಿದಾಗ ತಾಳ ಸಿಕ್ಕಿತು.

ಜೆಪಿ ನಗರದ ಆ ಜಾಗ ಒಂದು ಕಾಲಕ್ಕೆ ಗೋಡೌನಾಗಿತ್ತು. ಈಗ ಗೋಡೆಗೆಲ್ಲ ಬಣ್ಣ, ಬಾಗಿಲಲ್ಲಿ ಕೈಗೆ ಮೊಹರು ಒತ್ತುವ ಹುಡುಗಿ. ಬ್ಲೌಸಿಗೆ ಹಾಕುವ ಪಿನ್ನನ್ನು ಕಿವಿಗೆ ಚುಚ್ಚಿಕೊಂಡಿದ್ದ ಹುಡುಗರು, ಅರ್ಧ ತಲೆ ಬೋಳಿಸಿಕೊಂಡ ಹುಡುಗಿಯರು ಮಾರಮ್ಮನನ್ನು ನೋಡಿ ದಾರಿ ಬಿಟ್ಟರು. ಡ್ರಮ್ ಬಾರಿಸುವ ಪ್ರಮೋದ್ ಓಡಿ ಬಂದು, "ಬನ್ನಿ ಆಂಟಿ, ಮುಂದೆ ಕೂತ್ಕೊಳಿ," ಎಂದು ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಟ್ಟ. ಇಡೀ ಹಾಲಿಗೆ ಅದೊಂದೇ ಕುರ್ಚಿ. ಎಲ್ಲರೂ ನಿಂತಿರುವಾಗ ತಾನೊಬ್ಬಳೇ ಕೂತದ್ದು ಅವಳಿಗೆ ಶಿಕ್ಷೆಯಂತೆ ಅನ್ನಿಸಿತು. ಬಾಗಿಲ ಕಡೆ ತಿರುಗಿ ತಿರುಗಿ ನೋಡಿದಳು. ಬೈಲಪ್ಪ ಬರಲಿಲ್ಲ. ಎದೆ ಸ್ವಲ್ಪ ಹಗುರಾಯಿತು. ಮತ್ತೆ ನೋಡಿದಾಗ ಅವನಿದ್ದ, ಹಿಂದಿನ ಗೋಡೆಗೆ ಒರಗಿ, ಡ್ಯೂಟಿಯಿಂದ ನೇರವಾಗಿ, ಯೂನಿಫಾರ್ಮಿನಲ್ಲೇ. ಒಬ್ಬ ಹುಡುಗ ಅವನಿಗೆ ತನ್ನ ಬ್ಯಾಗು ಕೊಟ್ಟು ಏನೋ ಹೇಳಿ ಮುಂದೆ ನುಗ್ಗಿದ. ಅದನ್ನು ನೋಡಿ ಇನ್ನೊಬ್ಬಳು ತನ್ನ ಹೆಲ್ಮೆಟ್ಟನ್ನೂ ಕೊಟ್ಟಳು. ಇಲ್ಲಿಯ ಸೆಕ್ಯೂರಿಟಿ ಎಂದುಕೊಂಡಿದ್ದರು. ಬೈಲಪ್ಪ ಎರಡನ್ನೂ ತೆಗೆದುಕೊಂಡು ಕಾಲ ಬಳಿ ಜೋಪಾನವಾಗಿ ಇಟ್ಟುಕೊಂಡ. ಎದ್ದು ಹೋಗಿ, ಇವರು ಹಾಡುವವಳ ಅಪ್ಪ ಎಂದು ಹೇಳಬೇಕೆನ್ನಿಸಿತು ಮಾರಮ್ಮನಿಗೆ. ಎದ್ದಳು. ಅಷ್ಟರಲ್ಲಿ ದೀಪ ಆರಿ ವೇದಿಕೆಯ ಮೇಲೆ ಕೆಂಪು ಬೆಳಕು ಬಿತ್ತು; ಮತ್ತೆ ಕೂತಳು.

ಮೂರು ನಾಲ್ಕು ಹಾಡು ಅವಳ ಮೈ ಮೇಲೆ ಹಾದು ಹೋದವು. ಮಗಳು ಗುರುತು ಸಿಗುತ್ತಿರಲಿಲ್ಲ. ಮನೆಯಲ್ಲಿ ಜಿರಳೆಗೆ ಹೆದರುವ ಹುಡುಗಿ ಮೈಕಿನ ಕಂಬವನ್ನು ಕತ್ತು ಹಿಡಿದಂತೆ ಹಿಡಿದಿದ್ದಳು. ಆಮೇಲೆ ಸದ್ದು ನಿಂತಿತು. ತೇಜು ಬೆವರು ಒರೆಸಿಕೊಂಡು ಮಾತಾಡಿದಳು.

"ಮುಂದಿನ್ ಹಾಡು ನಿಮಗೆಲ್ಲ ಗೊತ್ತು. ಇದ್ರ ಮೊದಲ್ನೇ ಸಾಲು ನಾನ್ ಬರ್ದಿದ್ದಲ್ಲ. ನಮ್ಮ ಮನೆ ಒಡೀವಾಗ ನಮ್ಮಮ್ಮ ಹೇಳಿದ್ದು. ಎಷ್ಟೋ ಜನ ಕೇಳ್ತಾರೆ, ಇದ್ರ ಅರ್ಥ ಏನು ಅಂತ. ನಮ್ಮ ಜನಕ್ಕೆ ಸಾವಿರ ವರ್ಷ ಹೇಳಿದ್ದು ಒಂದೇ, ಕೈ ಕಟ್ಟಿ ನಿಲ್ಲು. ನಮ್ಮಮ್ಮ ಅದನ್ನ ತಿರುಗ್ಸಿ ಅವರಿಗೇ ಹೇಳಿದ್ಲು. ಅಷ್ಟೇ ಅರ್ಥ." ಜನ ಕೇಕೆ ಹಾಕಿದರು. "ಈಗ ಎಲ್ಲಾರೂ ಕೈ ಕಟ್ಟಿ. ನಾನ್ ಹೇಳೋವರ್ಗೂ ಯಾರೂ ಬಿಚ್ಬೇಡಿ. ಹೆಂಗಿರುತ್ತೆ ಅಂತ ಗೊತ್ತಾಗ್ಲಿ."

ನೂರಾರು ಜನ ಎದೆಯ ಮೇಲೆ ಕೈ ಕಟ್ಟಿ ನಿಂತರು. ನಗುತ್ತ, ಒಬ್ಬರನ್ನೊಬ್ಬರು ತಿವಿಯುತ್ತ, ಆಮೇಲೆ ನಿಧಾನವಾಗಿ ನಗು ನಿಂತಿತು. ಪ್ರಮೋದ್ ಡ್ರಮ್ಮಿನ ಮೇಲೆ ಒಂದೇ ಪೆಟ್ಟನ್ನು ಮತ್ತೆ ಮತ್ತೆ ಕೊಡುತ್ತಿದ್ದ. ತೇಜು ಮಾತಿನಂತೆ ಹಾಡಿದಳು:

ಕಾಲ್ವೆ ದಾರಿ ತಪ್ಸಿದ್ಯಾರು, ಕೈ ಕಟ್ಟು
ಕಾರು ತೇಲ್ದಾಗ ಕೂಗಿದ್ಯಾರು, ಕೈ ಕಟ್ಟು
ನಮ್ಮ ಗೋಡೆ ಬಿದ್ದ ಧೂಳು
ನಿನ್ನ ಅಂಗಿ ಮೇಲಿಲ್ಲ, ಕೈ ಕಟ್ಟು

ಮಾರಮ್ಮ ಹಿಂದಿನ ಗೋಡೆಯನ್ನು ನೋಡುತ್ತಿದ್ದಳು. ಪಕ್ಕದ ಹುಡುಗನೊಬ್ಬ ಬೈಲಪ್ಪನಿಗೆ ಸನ್ನೆ ಮಾಡುತ್ತಿದ್ದ, ನೀವೂ ಕಟ್ಟಿ ಅಂಕಲ್ ಎನ್ನುವಂತೆ, ಪ್ರೀತಿಯಿಂದಲೇ. ಬೈಲಪ್ಪ ಆ ಹುಡುಗನನ್ನು ನೋಡಿದ. ವೇದಿಕೆಯ ಮೇಲಿದ್ದ ಮಗಳನ್ನು ನೋಡಿದ. ಕೈ ಕಟ್ಟಿದ. ಉಳಿದವರು ಕಟ್ಟಿದ್ದಕ್ಕೂ ಅವನು ಕಟ್ಟಿದ್ದಕ್ಕೂ ಇರುವ ವ್ಯತ್ಯಾಸ ಅಷ್ಟು ದೂರದಿಂದಲೂ ಕಾಣುತ್ತಿತ್ತು. ಅವರದು ಆಟವಾಗಿತ್ತು, ಅವನ ಭುಜಗಳು ತಾವಾಗಿ ಒಳಕ್ಕೆ ಕುಸಿದಿದ್ದವು.  ಯಾರೋ ತೋಳು ಹಿಡಿದು ಎಬ್ಬಿಸುತ್ತಿದ್ದರು. ತೇಜು ವೇದಿಕೆಯ ಅಂಚಿಗೆ ಬಂದು ಕೈ ಚಾಚಿದ್ದಳು. "ಬಾ ಅಮ್ಮ. ಇವತ್ತು ನೀನೇ ಹೇಳು." ಮೆಟ್ಟಿಲು ಹತ್ತಿದ್ದು ಅವಳಿಗೆ ನೆನಪಿಲ್ಲ. ಮೈಕು ಕೈಯಲ್ಲಿತ್ತು, ಮಗಳ ಬೆವರಿನಿಂದ ಒದ್ದೆಯಾಗಿ. ಎದುರಿಗೆ ಕಟ್ಟಿದ ಕೈಗಳ ಸಾಲು ಸಾಲು, ಎಲ್ಲರೂ ಅವಳ ಒಂದು ಮಾತಿಗೆ ಕಾಯುತ್ತಿದ್ದರು, ಕೊನೆಯ ಸಾಲಿನಲ್ಲಿ ಅವನೂ.

ಈಗ ಹೇಳದಿದ್ದರೆ ಇನ್ನು ಯಾವತ್ತೂ ಇಲ್ಲ ಎಂದು ಅವಳಿಗೆ ಅನ್ನಿಸಿತು.

"ಆ ಮಾತು ಆಫೀಸರ್‌ಗೆ ಹೇಳಿದ್ದಲ್ಲ," ಎಂದಳು. ತನ್ನ ದನಿ ಗೋಡೆಗಳಿಂದ ತಿರುಗಿ ಬಂದು ತನಗೇ ಬಡಿಯಿತು. "ಸರ್ಕಾರಕ್ಕೂ ಹೇಳಿದ್ದಲ್ಲ. ಅಲ್ಲಿ ನಮ್ಮೋರೇ ಒಬ್ರು ನಿಂತಿದ್ರು. ಅವರಿಗೆ ಹೇಳ್ದೆ."

 ಆಮೇಲೆ ಮುಂದಿನ ಸಾಲಿನಿಂದ ಒಬ್ಬ, "ನಮಗೆ," ಎಂದು ಕೂಗಿದ. "ನಮಗೇ ಹೇಳಿದ್ದು," ಎಂದು ಇನ್ನೊಬ್ಬಳು. ಚಪ್ಪಾಳೆ ಎದ್ದಿತು, ಶಿಳ್ಳೆ ಎದ್ದಿತು. ಹೌದು, ನೋಡುತ್ತ ನಿಂತ ನಾವೇ, ನಮಗೇ. ಯಾರೋ ಅಳುತ್ತಿದ್ದರು. ಮಾರಮ್ಮ ಅಲ್ಲ ಅಲ್ಲ ಎಂದು ತಲೆಯಾಡಿಸಿದಳು, ಅದನ್ನೂ ಅವರು ತಾಳಕ್ಕೆ ತೆಗೆದುಕೊಂಡರು. ಪ್ರಮೋದ್ ಡ್ರಮ್ಮಿನ ಮೇಲೆ ಮುಗಿಬಿದ್ದ. ನೂರಾರು ಕೈಗಳು ಒಟ್ಟಿಗೆ ಬಿಚ್ಚಿಕೊಂಡು ಮೇಲೆದ್ದವು. "ಕೈ ಕಟ್ಕೊಂಡ್ ನಿಂತಿದ್ದೀಯಲ್ಲೋ," ಇಡೀ ಗೋಡೌನೇ ಕೂಗಿತು, ಕುಣಿಯಿತು, ಮೈಗೆ ಮೈ ಹಾಯಿಸಿತು. ಹೇಳಬೇಕಾದ್ದನ್ನು ಅವಳು ಹೇಳಿಯೂ ಆಗಿತ್ತು, ಅದು ಎಲ್ಲಿಗೂ ತಲುಪಿರಲಿಲ್ಲ. ತಾಯಿಯ ಕೈಯಿಂದ ಮೈಕು ತೆಗೆದುಕೊಳ್ಳಲು ಬಂದ ತೇಜು ಮಾತ್ರ ಅರೆಕ್ಷಣ ಅವಳ ಮುಖವನ್ನೇ ನೋಡಿ, ಅಲ್ಲಿಂದ ಅವಳ ದೃಷ್ಟಿ ಹೋದ ಕಡೆಗೆ, ಹಿಂದಿನ ಗೋಡೆಗೆ, ನೋಡಿದಳು. ಒಂದು ಸಾಲು ತಪ್ಪಿತು. ಎರಡನೆಯದನ್ನು ಹಿಡಿದುಕೊಂಡಳು.

ಮಾರಮ್ಮ ಜನರನ್ನು ಸೀಳಿಕೊಂಡು ಹಿಂದಕ್ಕೆ ಬರುವಷ್ಟರಲ್ಲಿ ಗೋಡೆಯ ಹತ್ತಿರ ಬ್ಯಾಗೂ ಹೆಲ್ಮೆಟ್ಟೂ ಇದ್ದವು, ಅವನಿರಲಿಲ್ಲ. ಹೊರಗೆ ಇನ್ನೂ ಸಂಜೆಯ ಬೆಳಕಿತ್ತು. ರಸ್ತೆಯಲ್ಲಿ ಒಂದು ಕಾರು ಹಿಂದಕ್ಕೆ ಬರಲಾರದೆ ಒದ್ದಾಡುತ್ತಿತ್ತು. ಬೈಲಪ್ಪ ಅದರ ಹಿಂದೆ ನಿಂತು, "ಬರ್ಲಿ ಸಾರ್, ಬರ್ಲಿ, ರೈಟ್ ಕಟ್ ಮಾಡಿ," ಎಂದು ಕೈ ಆಡಿಸುತ್ತಿದ್ದ. ಯಾರೋ ಕೇಳಿರಬೇಕು, ಅಥವಾ ಯಾರೂ ಕೇಳದೆಯೇ ಹೋಗಿರಬೇಕು. ಕಾರು ಹೋಗುವವರೆಗೂ ಅವಳು ಕಾದಳು.

"ಯಾಕ್ ಬಂದ್ರಿ?" ಎಂದಳು.

"ಮಗು ಕರೀತು."

"ನಾನ್ ಹೇಳ್ದೆ. ಅವರು ಕೇಳ್ಲಿಲ್ಲ."

"ಕೇಳ್ಸ್ತು ನಂಗೆ." ಬೈಲಪ್ಪ ಗೋಡೌನಿನ ಮೆಟ್ಟಿಲ ಮೇಲೆ ಕೂತ.  "ಅವತ್ತು ಕೈ ನಡುಗ್ತಿತ್ತು ಕಣೆ. ಎರಡೂ ಕೈ. ಸೆಕ್ರೆಟರಿ ಸಾರ್ ನೋಡ್ಬಿಟ್ರೆ ಏನಾಯ್ತು ಅಂತ ಕೇಳ್ತಾರಲ್ಲ. ಅದಕ್ಕೆ ಕಟ್ಕೊಂಡೆ."

ಮಾರಮ್ಮ ಅವನ ಪಕ್ಕದಲ್ಲಿ ಕೂತಳು. ಇಷ್ಟು ದಿನ ಎದುರಿಗೆ ಕೂತು ಉಂಡವನು, ಪಕ್ಕದಲ್ಲಿ ಮಲಗಿದವನು ಇದನ್ನೊಂದು ಮಾತು ಹೇಳಲಿಲ್ಲ, ತಾನೂ ಒಂದು ಮಾತು ಕೇಳಲಿಲ್ಲ. ಕ್ಷಮಿಸಿ ಎನ್ನುವ ಪದ ಅವರ ಮನೆಯಲ್ಲಿ ಯಾವತ್ತೂ ಬಳಕೆಯಲ್ಲಿರಲಿಲ್ಲ, ಅದನ್ನು ಈಗ ಬಾಯಿಗೆ ತಂದುಕೊಂಡರೆ ಟೀವಿಯಲ್ಲಿ ಆಡಿದಂತೆ ಇರುತ್ತಿತ್ತು. "ಹೇಳಿದ್ರೆ ಆಗ್ತಿರ್ಲಿಲ್ವಾ," ಎಂದಳು, ಬೈಯುವಂತೆ. ಅವನು ಉತ್ತರ ಕೊಡುವ ಮುಂಚೆ ಬಾಗಿಲು ತೆರೆದು ಒಳಗಿನ ಗದ್ದಲ ಒಮ್ಮೆಗೇ ಹೊರಗೆ ಸುರಿಯಿತು. ತೇಜು ಬಂದಳು. ಕೂದಲು ಹಣೆಗೆ ಅಂಟಿತ್ತು. ಒಳಗೆ ಜನ ಇನ್ನೊಂದ್ಸಲ, ಇನ್ನೊಂದ್ಸಲ ಎಂದು ಕಾಲು ಬಡಿಯುತ್ತಿದ್ದರು. ಅವಳು ಇಬ್ಬರನ್ನೂ ನೋಡಿದಳು. ನಗಲು ಪ್ರಯತ್ನಪಟ್ಟಳು.

"ಅಪ್ಪ, ಅವತ್ತು ನೀನ್ ಗೇಟಲ್ಲಿದ್ದೆ ಅಲ್ವಾ?"

ಮಾರಮ್ಮ ಬಾಯಿ ತೆರೆದಳು. ಹೌದು ಎನ್ನಲು ತೆರೆದಿದ್ದಳು. ಬೈಲಪ್ಪ ಮೆಟ್ಟಿಲಿನಿಂದ ಎದ್ದು ನಿಂತ, ಮಗಳ ಮುಂದೆ ಕೂತು ಹೇಳುವ ಮಾತಲ್ಲ ಎಂಬಂತೆ.

"ಇಲ್ಲ ಕಣಮ್ಮ," ಎಂದ. "ಅಲ್ಲೇ ಇದ್ದೆ."

 ತೇಜುವಿನ ಮುಖದ ಮೇಲೆ ಏನೋ ಲೆಕ್ಕ ಹಿಂದಕ್ಕೆ ಓಡುತ್ತಿರುವುದು ಮಾರಮ್ಮನಿಗೆ ಕಾಣುತ್ತಿತ್ತು: ಆ ಭಾನುವಾರ, ಆಮೇಲೆ ಹಾಡಿದ ಊರು ಊರು, ಮನೆಯಲ್ಲಿ ಅಪ್ಪನ ಎದುರಿಗೇ ಮಾಡಿದ ಅಭ್ಯಾಸ. ಬಾಗಿಲಿನಿಂದ ಪ್ರಮೋದ್ ತಲೆ ಹೊರಗೆ ಹಾಕಿ, "ತೇಜು, ಬಾ, ಬಿಡ್ತಿಲ್ಲ ಅವರು. ಅದೇ ಬೇಕಂತೆ," ಎಂದ. ಅವಳು ಅವನ ಕಡೆ ತಿರುಗಿದಳು, ಅಪ್ಪನ ಕಡೆ ತಿರುಗಿದಳು. "ಹೋಗಮ್ಮ," ಎಂದ ಬೈಲಪ್ಪ. "ಜನ ಕಾಯ್ತವ್ರೆ." ಪ್ರಮೋದ್ ಕೈ ಹಿಡಿದು ಎಳೆದುಕೊಂಡು ಹೋದ. ಬಾಗಿಲು ಮುಚ್ಚಿಕೊಂಡಿತು.

ಡ್ರಮ್ಮು ಶುರುವಾಯಿತು. ಕಾಲುವೆಯ ಸಾಲು ಬರುವ ಜಾಗ ಬಂತು, ತೇಜುವಿನ ದನಿ ಬರಲಿಲ್ಲ. ಪ್ರಮೋದ್ ಸುತ್ತು ಹಾಕಿ ಮತ್ತೆ ಅಲ್ಲಿಗೇ ಬಂದ. ಬರಲಿಲ್ಲ. ಜನ ಇದೂ ಹಾಡಿನ ಒಂದು ರೀತಿಯೆಂದು ತಿಳಿದಿರಬೇಕು. ತಾವೇ ಎತ್ತಿಕೊಂಡರು. "ಬಸ್ಸು ತಪ್ಪೋಗುತ್ತೆ, ನಡೀರಿ," ಎಂದಳು ಮಾರಮ್ಮ, ತಾನು ಏಳದೆ. ಬೈಲಪ್ಪ ಮತ್ತೆ ಕೂತ. ಮುಚ್ಚಿದ ಬಾಗಿಲಾಚೆ ನೂರಾರು ಗಂಟಲುಗಳು ಅವಳ ಮಾತನ್ನು ಅವನ ಮೇಲೆ ಕೂಗುತ್ತಿದ್ದವು. ಇಬ್ಬರೂ ಕಿವಿಗೊಟ್ಟು, ಆ ಗದ್ದಲದಲ್ಲಿ ಮಗಳ ದನಿ ಎಲ್ಲಿಯಾದರೂ ಇದೆಯೇ ಎಂದು ಹುಡುಕುತ್ತ ಕೂತರು. ಸಿಗಲಿಲ್ಲ.